ಹೊಲಗಾಲುವೆಯ ಹೂಳು ಮತ್ತು ತಂತ್ರಾಂಶ ಭಂಡಾರದ ಕಾವಲು



ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕನ ಕೆಲಸವೆಂದರೆ ಊರೂರು ಅಲೆಯುವ ಕೆಲಸ. ಒಂದು ವಿಷಯವನ್ನು ಹುಡುಕಿಕೊಂಡು ಹೋದವನಿಗೆ ದಾರಿಯಲ್ಲಿ ಇನ್ನೊಂದು ವಿಷಯ ಸಿಕ್ಕಿಬಿಡುವುದು ಈ ಕೆಲಸದ ಸುಖಗಳಲ್ಲಿ ಒಂದು. ಕಾಲುವೆ ನೀರಾವರಿಯ ಬಗ್ಗೆ ಕಾರ್ಯಕ್ರಮ ಮಾಡಲೆಂದು ಶಹಾಪುರ, ಸುರಪುರ, ಯಾದಗಿರಿಗಳಿಗೆ ಹೋದ ನನಗೆ ಗಣಕಯಂತ್ರದ ಒಂದು ಪಾಠ ಸಿಕ್ಕಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಹೊರಡುತ್ತದೆ. 10 ಸಾವಿರ ಕ್ಯೂಸೆಕ್ ನೀರು ಹೊರಬಲ್ಲ ದೊಡ್ಡ ಕಾಲುವೆ ಅದು. ಅದರ ಆಧುನೀಕರಣ ಯೋಜನೆಯ ಉದ್ಘಾಟನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಡೆಯಿತು. ಗೇಟುಗಳನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ಎಂಬ ಗಣಕ ವ್ಯವಸ್ಥೆಯೂ ಈ ಕಾಲುವೆಗೆ ಬಂದಿದೆ. ಶಹಾಪುರದ ಹತ್ತಿರ ಒಬ್ಬ ಹಿರಿಯ ರೈತರ ಹೊಲದಲ್ಲಿ ನಾವು ಕ್ಯಾಮರಾ ಇಟ್ಟೆವು. ದೊಡ್ಡ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅವರ ಹೊಲದ ಪಕ್ಕದ ಹೊಲಗಾಲುವೆಯಲ್ಲಿ ಮಾತ್ರ ಹೂಳು ತುಂಬಿ, ಜಾಲಿ ಬೆಳೆದು ನಿಂತಿತ್ತು. ಕಾರಣ ಕೇಳಿದಾಗ ಅವರು ಹೇಳಿದರು: “ದೊಡ್ಡ ಕಾಲುವಿ ಸರ್ಕಾರದ್ದು ಅದರೀ ಸರ. ಅದನ್ನ ನೋಡ್ಲಿಕ್ಕ ಇಂಜಿನಿಯರ್ ಅದಾರ. ಈ ಸಣ್ಣ ಕಾಲುವಿ ನಮ್ಮೆಲ್ಲಾರದು. ನಮ್ಮೆಲ್ಲಾರದು ಅಂದ್ರ ಯಾರದೂ ಅಲ್ಲ ಅಂದಂಗ ಆಗ್ಯಾದ.”

ತೂಬಿನಿಂದ ಕೆಳಗಿನ ಹೊಲಗಾಲುವೆಗಳನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ರೈತರದು, ಅವರ ನೀರು ಬಳಕೆದಾರರ ಸಹಕಾರ ಸಂಘಗಳದು. ಸಂಘ ಚುರುಕಾಗಿರುವ ಕಡೆ ನೀರು ಕೊನೆಯ ಹೊಲದವರೆಗೂ ಹೋಗುತ್ತದೆ. ಇಲ್ಲದ ಕಡೆ ಹೋಗುವುದಿಲ್ಲ.

ಮರುದಿನ ಸುರಪುರದಲ್ಲಿ ಟೇಲರ್ ಮಂಜಿಲಿನ ಚಿತ್ರೀಕರಣ ಮುಗಿಸಿ, ಕೆಲವು ಪುಟಗಳನ್ನು ಮುದ್ರಿಸಿಕೊಳ್ಳಲು ಒಂದು ಕಂಪ್ಯೂಟರ್ ಸೆಂಟರಿಗೆ ಹೋದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳು. ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವನ್ನೂ ಕೈಯಲ್ಲಿ ಹಿಡಿದು ಹುಡುಗ ಹುಡುಗಿಯರು ಸಾಲುಗಟ್ಟಿದ್ದರು. ಒಂದೊಂದಾಗಿ ಆ ಕಾಗದಗಳೆಲ್ಲ ಸ್ಕ್ಯಾನ್ ಆಗಿ ಒಂದೇ ಯಂತ್ರದೊಳಗೆ ಸೇರುತ್ತಿದ್ದವು. ಅದರ ಮರುದಿನ ಯಾದಗಿರಿಯ ಒಂದು ಕಾಲೇಜಿನ ಗಣಕ ಪ್ರಯೋಗಾಲಯ ನೋಡಿದೆ. ಅಲ್ಲಿದ್ದುದು ಉಬುಂಟು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ 20.04 ಆವೃತ್ತಿ. ಅದಕ್ಕೆ ಎಲ್ಲರಿಗೂ ಉಚಿತವಾಗಿ ದೊರೆಯುವ ಸಾಮಾನ್ಯ ಭದ್ರತಾ ಸೇವೆಯ ಅವಧಿ 2025ರ ಮೇ ತಿಂಗಳಲ್ಲೇ ಮುಗಿದಿತ್ತು. ನಾನು ಕೇಳಿದಾಗ ಅಲ್ಲಿನ ಒಬ್ಬ ವಿದ್ಯಾರ್ಥಿ ಉತ್ಸಾಹದಿಂದ, “ಸರ್, ಇದು ಲಿನಕ್ಸ್, ಇದಕ್ಕೆ ವೈರಸ್ ಬರೋದಿಲ್ಲ” ಎಂದ. ಅವನನ್ನು ದೂರುವಂತಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿಯೂ ಒಮ್ಮೆ ಇಂಥದೇ ಅವಧಿ ಮೀರಿದ ಆವೃತ್ತಿಯನ್ನು ನಾನು ಎರಡು ವರ್ಷ ಇಟ್ಟುಕೊಂಡಿದ್ದೆ. ವಿಜ್ಞಾನದ ಪದವಿ ಇದ್ದೂ ಈ ಸೋಮಾರಿತನ ನನಗಿತ್ತು.

ಶಹಾಪುರದ ಆ ರೈತರ ಮಾತು ನನಗೆ ಮತ್ತೆ ನೆನಪಾದದ್ದು ಆ ಪ್ರಯೋಗಾಲಯದಲ್ಲಿ. ಅಲ್ಲಿನ ಪರದೆಯ ಹಿಂದೆಯೂ ಒಂದು ದೊಡ್ಡ ಕಾಲುವೆ ಇದೆ, ಸಾವಿರಾರು ಹೊಲಗಾಲುವೆಗಳಿವೆ.

ಮೊದಲು ಈ ಭಂಡಾರ ಎಂದರೇನು, ನೋಡೋಣ. ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗೆ ಲೋಕದ ಮೂಲೆ ಮೂಲೆಗಳಲ್ಲಿ ಬರೆದ ತಂತ್ರಾಂಶಗಳನ್ನು ಸಂಗ್ರಹಿಸಿ, ಒಂದಕ್ಕೊಂದು ಹೊಂದುವಂತೆ ಸಿದ್ಧಪಡಿಸಿ, ಪ್ಯಾಕೇಜುಗಳೆಂಬ ಪೊಟ್ಟಣಗಳಾಗಿ ಕಟ್ಟಿ ಇಡುವ ಉಗ್ರಾಣವೇ ತಂತ್ರಾಂಶ ಭಂಡಾರ. ಡೆಬಿಯನ್ ಎಂಬ ವ್ಯವಸ್ಥೆಯನ್ನು ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಆರಂಭಿಸಿದರು. 2025ರ ಆಗಸ್ಟಿನಲ್ಲಿ ಹೊರಬಂದ ಅದರ 13ನೆಯ ಆವೃತ್ತಿಯ ಭಂಡಾರದಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಇದನ್ನು ನಡೆಸುವವರು ಸ್ವಯಂಸೇವಕರು. 2004ರಲ್ಲಿ ಬಂದ ಉಬುಂಟು ಈ ಡೆಬಿಯನ್ನಿನ ಮೇಲೆಯೇ ಕಟ್ಟಿದ್ದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಎಂಬ ಭಾರತೀಯ ಕಾರ್ಯಾಚರಣ ವ್ಯವಸ್ಥೆಗೂ ಡೆಬಿಯನ್ನೇ ತಳಹದಿ. ಹಾಗಾಗಿ ಎಲ್ಲೋ ಕುಳಿತ ಒಬ್ಬ ಡೆಬಿಯನ್ ಸ್ವಯಂಸೇವಕ ಇಂದು ತಿದ್ದಿದ ಒಂದು ತಪ್ಪು, ನಾಳೆ ನಮ್ಮ ಕಚೇರಿಯ ಯಂತ್ರಕ್ಕೂ ಉಪಕಾರ ಮಾಡಬಹುದು.

ಉಬುಂಟುವಿನ ಭಂಡಾರದಲ್ಲಿ ಮುಖ್ಯವಾಗಿ ಎರಡು ಕೋಣೆಗಳಿವೆ. ಒಂದರ ಹೆಸರು ‘ಮೇನ್’. ಇದರ ಹೊಣೆ ಕೆನೋನಿಕಲ್ ಎಂಬ ಕಂಪನಿಯದು. ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಭದ್ರತಾ ತಿದ್ದುಪಡಿ ಕೊಡುತ್ತೇವೆಂದು ಅದು ಮಾತು ಕೊಟ್ಟಿದೆ. ಇದು ನಮ್ಮ ದೊಡ್ಡ ಕಾಲುವೆ. ಇನ್ನೊಂದರ ಹೆಸರು ‘ಯೂನಿವರ್ಸ್’. ಇದನ್ನು ನೋಡಿಕೊಳ್ಳುವವರು ಸಮುದಾಯದ ಸ್ವಯಂಸೇವಕರು. ಕಂಪನಿಯೇ ಕೊಟ್ಟ ಲೆಕ್ಕದಂತೆ ಮೇನ್ ಕೋಣೆಯಲ್ಲಿ ಸುಮಾರು 2,300 ಪ್ಯಾಕೇಜುಗಳಿದ್ದರೆ ಯೂನಿವರ್ಸ್‌ನಲ್ಲಿ 23 ಸಾವಿರಕ್ಕೂ ಹೆಚ್ಚು. ಅಂದರೆ ಹತ್ತರಷ್ಟು. ಇವು ನಮ್ಮ ಹೊಲಗಾಲುವೆಗಳು.

ನೀವು ದಿನವೂ ಬಳಸುವುದು ಯಾವ ಕೋಣೆಯದು? ಚಲನಚಿತ್ರ ನೋಡುವ ವಿಎಲ್‌ಸಿ, ನಕ್ಷತ್ರಗಳನ್ನು ತೋರಿಸುವ ಸ್ಟೆಲೇರಿಯಂ, ಮೂಲವಸ್ತುಗಳ ಆವರ್ತ ಕೋಷ್ಟಕ ಕಲಿಸುವ ಕಾಲ್ಜಿಯಂ, ನಮ್ಮಂಥವರು ದೃಶ್ಯ ಧ್ವನಿಗಳನ್ನು ಪರಿವರ್ತಿಸಲು ನೆಚ್ಚಿಕೊಂಡ ಎಫ್‌ಎಫ್‌ಎಂಪೆಗ್, ಇವೆಲ್ಲ ಇರುವುದು ಯೂನಿವರ್ಸ್‌ನಲ್ಲಿ. ವಿದ್ಯಾರ್ಥಿಗಳಿಗೆ ಪ್ರಿಯವಾದ ತಂತ್ರಾಂಶಗಳ ಬಹುಪಾಲು ಹೊಲಗಾಲುವೆಯಿಂದಲೇ ಬರುತ್ತವೆ ಎಂದಾಯಿತು. ಈ ಕೋಣೆಗೆ ಭದ್ರತಾ ತಿದ್ದುಪಡಿ ಬರುವುದೇ ಇಲ್ಲ ಎಂದಲ್ಲ. ಬರುತ್ತದೆ, ಯಾರಾದರೂ ಕುಳಿತು ಮಾಡಿದರೆ. ಮಾಡಿಯೇ ತೀರುತ್ತೇವೆ ಎಂಬ ಸಾಮಾನ್ಯ ವಾಗ್ದಾನ ಮಾತ್ರ ಅಲ್ಲಿಲ್ಲ. ಆದರೂ 2023ರಿಂದ ಈ ಕಂಪನಿ ‘ಉಬುಂಟು ಪ್ರೋ’ ಎಂಬ ಯೋಜನೆಯಡಿ ಯೂನಿವರ್ಸ್‌ಗೂ ಹತ್ತು ವರ್ಷಗಳವರೆಗೆ ತಿದ್ದುಪಡಿ ಒದಗಿಸುತ್ತಿದೆ. ವ್ಯಕ್ತಿಯೊಬ್ಬನ ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಅದು ಉಚಿತ. ಮನೆಗೆ ಇದು ಸಾಕು. ಮೂವತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಸಾಲದು.

ಹಾಗಾದರೆ ಸಮುದಾಯದ್ದು ಎಂದರೆ ಅನಾಥ ಎಂದೇ ಅರ್ಥವೇ? ಖಂಡಿತ ಅಲ್ಲ. ಡೆಬಿಯನ್ ಇಡಿಯಾಗಿ ಸಮುದಾಯದ್ದೇ. ಅಲ್ಲಿ ಭದ್ರತೆಗೆಂದೇ ಒಂದು ತಂಡವಿದೆ. ಒಂದು ಆವೃತ್ತಿಯನ್ನು ಸುಮಾರು ಮೂರು ವರ್ಷ ಆ ತಂಡ ಕಾಯುತ್ತದೆ. ಆಮೇಲೆ 2014ರಲ್ಲಿ ಆರಂಭವಾದ ದೀರ್ಘಾವಧಿ ತಂಡ ಹೊಣೆ ಹೊತ್ತು, ಒಟ್ಟು ಐದು ವರ್ಷ ಆಗುವಂತೆ ನೋಡಿಕೊಳ್ಳುತ್ತದೆ. ಸಂಬಳವಿದೆಯೇ ಇಲ್ಲವೇ ಎಂಬುದರಿಂದ ಭದ್ರತೆ ತೀರ್ಮಾನವಾಗುವುದಿಲ್ಲ. ಹೊಣೆಯನ್ನು ಯಾರಾದರೂ ಹೊತ್ತಿದ್ದಾರೆಯೇ, ಎಷ್ಟು ದಿನಕ್ಕೆ ಹೊತ್ತಿದ್ದಾರೆ ಎಂಬುದೇ ಮುಖ್ಯ.

ಈಗ ಒಂದು ತಿದ್ದುಪಡಿ ಹೇಗೆ ಹುಟ್ಟುತ್ತದೆ, ನಮ್ಮ ಬಳಿ ಹೇಗೆ ಬರುತ್ತದೆ ಎಂಬುದನ್ನು ನೋಡೋಣ. ತಂತ್ರಾಂಶವನ್ನು ಬರೆಯುವವನು ಮನುಷ್ಯ. ಆದ್ದರಿಂದ ತಪ್ಪು ಸಹಜ. ಕೆಲವು ತಪ್ಪುಗಳು ಯಂತ್ರವನ್ನು ಸುಮ್ಮನೆ ನಿಲ್ಲಿಸುತ್ತವೆ. ಇನ್ನು ಕೆಲವು, ಗೋಡೆಯಲ್ಲಿ ಉಳಿದ ಕಿಂಡಿಯಂತೆ ಹೊರಗಿನವರಿಗೆ ದಾರಿ ಕೊಡುತ್ತವೆ. ಉದಾಹರಣೆಗೆ, ಚಿತ್ರಗಳನ್ನು ತೋರಿಸುವ ತಂತ್ರಾಂಶದಲ್ಲಿ ಇಂಥ ಕಿಂಡಿಯಿದ್ದರೆ, ಬೇಕೆಂದೇ ವಿಕಾರವಾಗಿ ರಚಿಸಿದ ಒಂದು ವೀಡಿಯೋ ಕಡತವನ್ನು ತೆರೆದ ಮಾತ್ರಕ್ಕೇ ಬೇರೆಯವರ ಆಜ್ಞೆಗಳು ನಮ್ಮ ಯಂತ್ರದಲ್ಲಿ ನಡೆಯುವ ಸಾಧ್ಯತೆ ಇರುತ್ತದೆ. ಪೆನ್‌ಡ್ರೈವ್ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಹಾಸ್ಟೆಲುಗಳಲ್ಲಿ ಇದು ದೂರದ ಮಾತಲ್ಲ.

ಕಿಂಡಿ ಕಂಡವರು ಅದನ್ನು ತಂತ್ರಾಂಶ ಬರೆದವರಿಗೂ ಭದ್ರತಾ ತಂಡಕ್ಕೂ ತಿಳಿಸುತ್ತಾರೆ. ಅದಕ್ಕೆ ಜಗತ್ತಿನಾದ್ಯಂತ ಒಂದೇ ಆಗಿರುವ ಸಿವಿಇ ಎಂಬ ಗುರುತಿನ ಸಂಖ್ಯೆ ದೊರೆಯುತ್ತದೆ. ಆಮೇಲೆ ಭಂಡಾರದವರ ಕೆಲಸ. ಸ್ಥಿರ ಆವೃತ್ತಿಗಳಲ್ಲಿ ಅವರು ಸಾಮಾನ್ಯವಾಗಿ ಹೊಸ ತಂತ್ರಾಂಶವನ್ನೇ ತಂದು ತುಂಬುವುದಿಲ್ಲ. ಹಾಗೆ ಮಾಡಿದರೆ ಅದನ್ನು ನೆಚ್ಚಿದ ಬೇರೆ ತಂತ್ರಾಂಶಗಳು ಕೆಡಬಹುದು. ಹಳೆಯ ಆವೃತ್ತಿಯಲ್ಲಿ ಆ ಕಿಂಡಿಯಷ್ಟನ್ನೇ ಮುಚ್ಚುತ್ತಾರೆ. ಹಳೆಯ ಮನೆಯನ್ನು ಕೆಡವದೆ ಸೋರುವ ಹಂಚನ್ನು ಮಾತ್ರ ಬದಲಿಸಿದ ಹಾಗೆ. ಹೊರಗಿನಿಂದ ನೋಡಿದರೆ ಸಣ್ಣದಾಗಿ ಕಾಣುವ ಈ ಕೆಲಸಕ್ಕೆ ಬಹಳ ತಾಳ್ಮೆ ಬೇಕು.

ತಿದ್ದಿದ ಪ್ಯಾಕೇಜನ್ನು ಭಂಡಾರದಲ್ಲಿಟ್ಟು, ಅಲ್ಲಿನ ಪಟ್ಟಿಗೆ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ನಿಮ್ಮ ಯಂತ್ರ ಆ ಸಹಿಯನ್ನು ಪರೀಕ್ಷಿಸಿಯೇ ಪ್ಯಾಕೇಜನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದಾರಿಯಲ್ಲಿ ಯಾರಾದರೂ ಒಂದಕ್ಷರ ಬದಲಿಸಿದರೂ ಅದು ತಿರಸ್ಕಾರವಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಕೊನೆಯ ಹೆಜ್ಜೆ ನಮ್ಮದೇ. ನಾವು ಅಪ್‌ಡೇಟ್ ಒತ್ತಬೇಕು, ಅಥವಾ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬರುವಂತೆ ಒಮ್ಮೆ ಹೊಂದಿಸಿಡಬೇಕು. ತೂಬಿನವರೆಗೆ ನೀರು ಬಂದಿದ್ದರೂ ತೂಬನ್ನು ಎತ್ತದಿದ್ದರೆ ಹೊಲ ಒಣಗಿಯೇ ಇರುತ್ತದೆ.

ಇಲ್ಲಿ ಎರಡು ನಿಜಸಂಗತಿಗಳನ್ನು ಹೇಳಬೇಕು.

ಮೊದಲನೆಯದು ಡೆಬಿಯನ್ನಿನದೇ ತಪ್ಪು. 2006ರಲ್ಲಿ ಅಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶವನ್ನು ತಿದ್ದುವಾಗ, ಅನಗತ್ಯವೆಂದು ತೋರಿದ ಸಾಲನ್ನು ತೆಗೆದುಬಿಟ್ಟರು. ಅದರಿಂದ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬತ್ತಿತು. ಊಹಿಸಲು ಅಸಾಧ್ಯವಾಗಿರಬೇಕಿದ್ದ ಕೀಲಿಗಳು, ಪ್ರತಿಯೊಂದು ಬಗೆಯಲ್ಲಿಯೂ ಸುಮಾರು 32 ಸಾವಿರದೊಳಗೆ ಎಣಿಸಿ ಮುಗಿಸಬಹುದಾದಷ್ಟಾದವು. 2008ರ ಮೇ 13ರಂದು ಡೆಬಿಯನ್ ಅದನ್ನು ತಾನೇ ಬಹಿರಂಗವಾಗಿ ಸಾರಿ ತಿದ್ದುಪಡಿ ಕೊಟ್ಟಿತು. ಪ್ಯಾಕೇಜನ್ನು ಬದಲಿಸಿದರಷ್ಟೇ ಸಾಲದು, ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಿ ಎಂದೂ ಹೇಳಿತು. ಬೀಗ ಸರಿಮಾಡಿದ ಮೇಲೂ ಕಳ್ಳನ ಕೈಯಲ್ಲಿ ಹಳೆಯ ಕೀಲಿಕೈ ಇದ್ದರೇನು ಫಲ?

ಎರಡನೆಯದು 2024ರದು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ತಂತ್ರಾಂಶ. ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಅದನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರಿಗೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ ಜೊತೆಯಾದ. ಒಳ್ಳೆಯ ಕೆಲಸ ಮಾಡಿಯೇ ನಂಬಿಕೆ ಗಳಿಸಿದ. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಗುಪ್ತ ಹಿಂಬಾಗಿಲನ್ನು ಸೇರಿಸಿದ. ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು. ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದು ಅವರ ಗಮನಕ್ಕೆ ಬಂತು. ಏಕೆ ಎಂದು ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಲೋಕಕ್ಕೆ ಎಚ್ಚರಿಕೆ ಕೊಟ್ಟರು. ಆಗ ಅದು ಡೆಬಿಯನ್ನಿನ ಪರೀಕ್ಷಾ ಹಂತದ ಭಂಡಾರಗಳವರೆಗೆ ಬಂದಿತ್ತು, ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಒಂದು ಅಳತೆ ಚೂರು ಹೆಚ್ಚು ಕಡಿಮೆಯಾದಾಗ ‘ಪರವಾಗಿಲ್ಲ’ ಎಂದು ಪುಸ್ತಕದ ಉತ್ತರವನ್ನೇ ಬರೆದುಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿಲ್ಲ! ಆ ಇಂಜಿನಿಯರು ಹಾಗೆ ಮಾಡಲಿಲ್ಲ. ಅದೇ ವಿಜ್ಞಾನ.

ಈ ಎರಡರಲ್ಲೂ ಒಂದು ಸಮಾಧಾನವಿದೆ, ಒಂದು ಎಚ್ಚರಿಕೆಯೂ ಇದೆ. ಮೂಲ ಸಂಕೇತ ತೆರೆದಿದ್ದರಿಂದಲೇ ಯಾರೋ ಮೂರನೆಯವರು ತಪ್ಪನ್ನು ಬೆನ್ನಟ್ಟಿ ಹಿಡಿಯಲು ಸಾಧ್ಯವಾಯಿತು. ಆದರೆ ತೆರೆದಿಟ್ಟ ಪುಸ್ತಕವನ್ನು ಯಾರಾದರೂ ಓದಿದರೆ ಮಾತ್ರ ಪ್ರಯೋಜನ. ಜಗತ್ತೆಲ್ಲ ನೆಚ್ಚಿದ ಒಂದು ತಂತ್ರಾಂಶವನ್ನು ಒಬ್ಬನೇ ಹೊತ್ತು ಬಳಲುತ್ತಿದ್ದಾನೆಂಬುದು ಯಾರ ಗಮನಕ್ಕೂ ಬರಲಿಲ್ಲ, ವಂಚಕನ ಹೊರತು.

ಎಲ್ಲ ಸಮುದಾಯ ಭಂಡಾರಗಳೂ ಒಂದೇ ತೆರನಲ್ಲ ಎಂಬುದನ್ನೂ ತಿಳಿದಿರಬೇಕು. ಆರ್ಚ್ ಲಿನಕ್ಸಿನ ಬಳಕೆದಾರರ ಭಂಡಾರದಲ್ಲಿ ಯಾರು ಬೇಕಾದರೂ ಪ್ಯಾಕೇಜಿನ ಸೂತ್ರವನ್ನು ತಂದಿಡಬಹುದು. ಮೊದಲೇ ಪರಿಶೀಲಿಸುವವರಿಲ್ಲ. 2025ರ ಜುಲೈನಲ್ಲಿ ಬ್ರೌಸರುಗಳ ಹೆಸರು ಹೊತ್ತ ಮೂರು ಕಪಟ ಪ್ಯಾಕೇಜುಗಳು ಅಲ್ಲಿ ಬಂದು ಕುಳಿತವು. ಎರಡು ದಿನಗಳಲ್ಲಿ ಅವನ್ನು ಪತ್ತೆ ಮಾಡಿ ತೆಗೆದರು. ಆ ಎರಡು ದಿನಗಳಲ್ಲಿ ತೆಗೆದುಕೊಂಡವರಿಗೆ ಮಾತ್ರ ಅಪಾಯ ತಪ್ಪಲಿಲ್ಲ.

ಯಾದಗಿರಿಯಂಥ ಊರಿನಲ್ಲಿ ನಾವು ಮಾಡಬೇಕಾದದ್ದು ಏನು? ಮೊದಲಿಗೆ, ನಿಮ್ಮ ಯಂತ್ರದಲ್ಲಿರುವುದು ಯಾವ ಆವೃತ್ತಿ, ಅದರ ಸೇವಾವಧಿ ಯಾವಾಗ ಮುಗಿಯುತ್ತದೆ ಎಂದು ನೋಡಿ, ಯಂತ್ರದ ಮೇಲೆಯೇ ಒಂದು ಚೀಟಿ ಅಂಟಿಸಿ. ಔಷಧದ ಸೀಸೆಯ ಮೇಲಿನ ದಿನಾಂಕವನ್ನು ನೋಡುವುದಿಲ್ಲವೇ? ಇದೂ ಹಾಗೆಯೇ. ಅವಧಿ ಮುಗಿದ ಯಂತ್ರಕ್ಕೆ, ಹೊಸ ಆವೃತ್ತಿ ಹಾಕುವವರೆಗೆ, ಯಾರ ಆಧಾರ್ ಪ್ರತಿಯನ್ನೂ ಬ್ಯಾಂಕಿನ ವಿವರವನ್ನೂ ತುಂಬಬೇಡಿ. ಎರಡನೆಯದಾಗಿ, ಯಾವುದೇ ತಂತ್ರಾಂಶವನ್ನು ಹಾಕಿಕೊಳ್ಳುವ ಮುಂಚೆ, ಇದು ಯಾವ ಕೋಣೆಯಿಂದ ಬರುತ್ತಿದೆ, ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. ಯಾರೋ ಹೇಳಿದರೆಂದು ಹೊರಗಿನ ಭಂಡಾರದ ವಿಳಾಸವನ್ನು ಸೇರಿಸಿಕೊಳ್ಳಬೇಡಿ. ಮೂರನೆಯದಾಗಿ, ಬೇಡದ ತಂತ್ರಾಂಶವನ್ನು ತೆಗೆದುಹಾಕಿ. ಇಲ್ಲದ ಬಾಗಿಲಿಗೆ ಬೀಗ ಬೇಡ. ನಾಲ್ಕನೆಯದಾಗಿ, ಅಂತರ್ಜಾಲ ನಿಧಾನ, ಮೂವತ್ತು ಯಂತ್ರಗಳಿಗೆ ಅಪ್‌ಡೇಟ್ ಹೇಗೆ ಎಂದು ಕೈಚೆಲ್ಲಬೇಡಿ. ಒಂದೇ ಯಂತ್ರ ತಿದ್ದುಪಡಿಗಳನ್ನು ಒಮ್ಮೆ ತರಿಸಿ ಇಟ್ಟುಕೊಂಡು, ಉಳಿದವು ಅದರಿಂದಲೇ ಪಡೆಯುವಂತೆ ಮಾಡುವ ತಂತ್ರಾಂಶವೂ ಅದೇ ಭಂಡಾರದಲ್ಲಿ ಉಚಿತವಾಗಿದೆ. ಅದರ ಹೆಸರು ಆಪ್ಟ್-ಕ್ಯಾಷರ್-ಎನ್‌ಜಿ. ಊರಿನ ನೀರಿನ ತೊಟ್ಟಿ ಮಾಡುವುದೂ ಇದೇ ಕೆಲಸವನ್ನೇ.

ಇಷ್ಟು ಮಾಡಿದರೆ ನೀವು ಒಳ್ಳೆಯ ಬಳಕೆದಾರರು. ಆದರೆ ಸಮುದಾಯದ ಭಂಡಾರ ಉಳಿಯುವುದು ಬಳಕೆದಾರರಿಂದಲ್ಲ, ಪಾಲುದಾರರಿಂದ. ಇದು ಬೆಂಗಳೂರಿನವರ, ವಿದೇಶದವರ ಕೆಲಸ ಎನ್ನಬೇಡಿ. ಡೆಬಿಯನ್ನಿನ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಅಕ್ಷರ ವಿನ್ಯಾಸಗಳಿವೆ. ಕನ್ನಡಿಗರೊಬ್ಬರು ಮಾಡಿ ಮುಕ್ತವಾಗಿ ಕೊಟ್ಟದ್ದು, ಸ್ವಯಂಸೇವಕರು ಪ್ಯಾಕೇಜಾಗಿ ಕಟ್ಟಿಟ್ಟದ್ದು. ಡೆಬಿಯನ್ನಿನ ಜಾಗತಿಕ ವಾರ್ಷಿಕ ಸಮಾವೇಶ 2023ರ ಸೆಪ್ಟೆಂಬರಿನಲ್ಲಿ ನಡೆದದ್ದು ನಮ್ಮ ನೆರೆಯ ಕೊಚ್ಚಿಯಲ್ಲೇ. ಕಂಡ ದೋಷವನ್ನು ಸ್ಪಷ್ಟವಾಗಿ ಬರೆದು ತಿಳಿಸುವುದು, ತಿದ್ದಿದ ಪ್ಯಾಕೇಜು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿ ಹೇಳುವುದು, ಸೂಚನೆಗಳನ್ನು ಕನ್ನಡಕ್ಕೆ ತರುವುದು, ಇವಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ತಾಳ್ಮೆಯ ಕಣ್ಣು ಬೇಕು. ಕಾಲೇಜಿಗೊಂದು ಐದು ಜನರ ಗುಂಪು, ಆ ಗುಂಪಿಗೊಂದು ಪ್ಯಾಕೇಜು ಎಂದು ಹಂಚಿಕೊಂಡರೂ ಸಾಕು.

ಕಾಲುವೆಯ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅದನ್ನೂ ಹೇಳಿಬಿಡುತ್ತೇನೆ. ಮೇಲಿನ ಹೊಲದವರು ಹೆಚ್ಚು ನೀರು ಎಳೆದರೆ ಕೊನೆಯ ಹೊಲದವರಿಗೆ ಕಡಿಮೆಯಾಗುತ್ತದೆ. ತಂತ್ರಾಂಶ ಹಾಗಲ್ಲ, ಎಷ್ಟು ಜನ ತುಂಬಿಕೊಂಡರೂ ಬತ್ತುವುದಿಲ್ಲ. ಅಲ್ಲಿ ಬತ್ತುವುದು ನೋಡಿಕೊಳ್ಳುವವರ ಬಿಡುವು ಮತ್ತು ಬಲ. ಅದನ್ನು ತುಂಬಿಕೊಡಬೇಕಾದವರು ಬಳಸುವ ನಾವೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದಕ್ಕಿಂತ ಈಗಲೇ ಗುದ್ದಲಿ ಹಿಡಿಯುವುದು ಮೇಲು.

ಶಹಾಪುರದ ಆ ಹಿರಿಯರ ವಿಷಯ ಹೇಳಿ ಮುಗಿಸುತ್ತೇನೆ. ಚಿತ್ರೀಕರಣ ಮುಗಿಸಿ ನಾವು ಸಾಮಾನು ಕಟ್ಟುವಾಗ ಅವರು ಪಕ್ಕದ ಹೊಲದವನನ್ನು ಕೂಗಿ ಕರೆದರು: “ಬಾರೋ ತಮ್ಮಾ, ನಾಳಿ ಮುಂಜಾನೆ ಇಬ್ಬರೂ ಕೂಡಿ ಈ ಜಾಲಿ ಕಡಿಯಮು. ಉಳಿದಾವ್ರು ನೋಡಿ ಬರ್ತಾರ.” ಅವರು ಬಂದರೋ ಇಲ್ಲವೋ ನೋಡಲು ನಾವಿರಲಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಆ ಮೊದಲ ಇಬ್ಬರು ಯಾರಾಗುತ್ತೀರಿ ಎಂಬುದನ್ನು ನೀವೇ ಹೇಳಬೇಕು.